ತವೀಲಾಗೆ ಬಂದವರೆಷ್ಟು, ಬಾರದವರೆಷ್ಟು: ಎಲ್ ಫಾಶರ್ ಎಣಿಕೆಯ ಕಥೆ

2025ರ ಅಕ್ಟೋಬರ್ ಕೊನೆಯ ವಾರ. ಸುಡಾನಿನ ಉತ್ತರ ದಾರ್ಫುರ್‌ನಿಂದ ಮೂರು ಸಂಖ್ಯೆಗಳು ಒಂದರ ಹಿಂದೆ ಒಂದು ಬಂದವು. ಎಲ್ ಫಾಶರ್ ಪಟ್ಟಣ ಅರೆಸೇನಾಪಡೆಯ ಕೈಗೆ ಬೀಳುವ ಮುಂಚೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದವರು ಅಂದಾಜು 2.6 ಲಕ್ಷ ಜನ. ಬಿದ್ದ ಮೊದಲ ಕೆಲವು ದಿನದಲ್ಲಿ ಊರು ಬಿಟ್ಟವರು 62 ಸಾವಿರಕ್ಕೂ ಜಾಸ್ತಿ. ಅಷ್ಟೇ ದಿನಗಳಲ್ಲಿ, ಸುಮಾರು 60 ಕಿಲೋಮೀಟರ್ ಪಶ್ಚಿಮಕ್ಕಿರುವ ತವೀಲಾ ತಲುಪಿದವರು 5 ಸಾವಿರಕ್ಕಿಂತ ಸ್ವಲ್ಪ ಹೆಚ್ಚು.

ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವುದೋ ಒಂದು ತಪ್ಪಿರಬೇಕು ಅಂತ ಮೊದಲು ಅನ್ನಿಸುತ್ತದೆ. ತಪ್ಪಿರಲಿಲ್ಲ. ಮೂರೂ ಬೇರೆಬೇರೆ ಪ್ರಶ್ನೆಗೆ ಸಿಕ್ಕ ಉತ್ತರಗಳು. ಯಾವ ಸಂಖ್ಯೆ ಯಾವ ಪ್ರಶ್ನೆಗೆ ಅಂತ ಗೊತ್ತಿದ್ದವರಿಗೆ ನಡುವಿನ ಅಂತರ ಕಂಡು ಎದೆ ಧಸಕ್ಕೆಂದಿತು. ಗೊತ್ತಿಲ್ಲದವರು ಒಂದೇ ಸಂಖ್ಯೆ ಹಿಡಿದುಕೊಂಡು ಸುದ್ದಿ ಮಾಡಿದರು. ಯುದ್ಧದಲ್ಲಿ ಊರು ಬಿಟ್ಟವರನ್ನು ಎಣಿಸುವುದು ಹೇಗೆ, ಆ ಎಣಿಕೆಯಿಂದ ನೀರು, ಊಟ, ಔಷಧಿ ಹೇಗೆ ಹೊರಡುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಅನ್ನುವುದನ್ನು ಈ ಒಂದು ಪ್ರಕರಣ ಹಿಡಿದು ಬರೆಯುತ್ತಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಬಂದವರ ಲೆಕ್ಕದ ಪಕ್ಕದಲ್ಲೇ ಬಾರದವರ ಲೆಕ್ಕವೂ ಇರಬೇಕು. ಮೊದಲ ದಿನದಿಂದಲೇ ಇರಬೇಕು.

ಹಿನ್ನೆಲೆ

2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಯುದ್ಧ ಶುರುವಾಯಿತು. ಒಂದು ಕಡೆ ಜನರಲ್ ಬುರ್ಹಾನ್ ಅವರ ಸೇನೆ, ಇನ್ನೊಂದು ಕಡೆ ಹೆಮೆದ್ತಿ ಎಂದೇ ಎಲ್ಲರೂ ಕರೆಯುವ ಮೊಹಮದ್ ಹಮ್ದಾನ್ ದಗಾಲೊ ಅವರ ಅರೆಸೇನಾಪಡೆ ಆರ್‌ಎಸ್‌ಎಫ್. ಯುದ್ಧಕ್ಕೆ ಮುಂಚೆಯೇ ಸುಡಾನಿನ ಒಳಗೆ ಸುಮಾರು 38 ಲಕ್ಷ ಜನ ಮನೆ ಬಿಟ್ಟು ಬೇರೆ ಕಡೆ ಬದುಕುತ್ತಿದ್ದರು. ಹೆಚ್ಚಿನವರು ಇದೇ ದಾರ್ಫುರ್‌ನವರು, 2003ರ ನಂತರದ ಹಿಂಸೆಯಿಂದ ಓಡಿಬಂದವರು. 2025ರ ಜನವರಿ ಹೊತ್ತಿಗೆ ಆ ಸಂಖ್ಯೆ 1.15 ಕೋಟಿ ಮುಟ್ಟಿತು. ಅರ್ಧಕ್ಕಿಂತ ಜಾಸ್ತಿ ಮಂದಿ 18 ತುಂಬದ ಮಕ್ಕಳು.

ಎಲ್ ಫಾಶರ್ ಉತ್ತರ ದಾರ್ಫುರ್‌ನ ರಾಜಧಾನಿ. ದಾರ್ಫುರ್‌ನಲ್ಲಿ ಸೇನೆಯ ಕೈಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಪಟ್ಟಣ. 2024ರ ಮೇ ತಿಂಗಳಲ್ಲಿ ಆರ್‌ಎಸ್‌ಎಫ್ ಮುತ್ತಿಗೆ ಹಾಕಿತು. ಜೂನ್‌ನಲ್ಲಿ ಭದ್ರತಾ ಮಂಡಳಿ ಮುತ್ತಿಗೆ ನಿಲ್ಲಿಸಿ ಎಂದು ನಿರ್ಣಯ ಮಾಡಿತು, ನಿಲ್ಲಲಿಲ್ಲ. 500 ದಿನ ದಾಟಿತು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರ ನೋಡಿ ಹೇಳಿದ್ದು: ಪಟ್ಟಣದ ಸುತ್ತ ಮಣ್ಣಿನ ಒಡ್ಡು ಏಳುತ್ತಿದೆ, ಆಗಲೇ 31 ಕಿಲೋಮೀಟರ್ ಆಗಿದೆ. ಊರಿಗೇ ಬೇಲಿ ಹಾಕಿದ ಹಾಗೆ. ಒಳಗೆ ಧಾನ್ಯ ಹೋಗದು, ಹೊರಗೆ ಜನ ಬಾರದು.

ಎಣಿಸುವುದು ಹೇಗೆ

ಇಂಥ ಕಡೆ ಎಣಿಕೆ ಮಾಡುವುದು ಮುಖ್ಯವಾಗಿ ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಐಒಎಂ. ಅದರ ಡಿಟಿಎಂ ಎಂಬ ವ್ಯವಸ್ಥೆ 2004ರಲ್ಲಿ ಇರಾಕಿನಲ್ಲಿ ಹುಟ್ಟಿತು, ಈಗ ಯುದ್ಧ, ನೆರೆ, ಭೂಕಂಪ ಆದ ಎಷ್ಟೋ ದೇಶಗಳಲ್ಲಿ ಕೆಲಸ ಮಾಡುತ್ತದೆ. ಮನೆಮನೆಗೆ ಹೋಗಿ ತಲೆ ಎಣಿಸುತ್ತಾರೆ ಅಂತ ಅಂದುಕೊಳ್ಳಬೇಡಿ. ಓಡುತ್ತಿರುವ ಜನರಿಗೆ ಮನೆ ಎಲ್ಲಿರುತ್ತದೆ?

ಅವರು ಮಾಡುವುದು ಸರಳ. ಒಂದೊಂದು ಜಾಗದಲ್ಲೂ ಪರಿಸ್ಥಿತಿ ಗೊತ್ತಿರುವ ಕೆಲವರನ್ನು ಗುರುತಿಸಿಕೊಳ್ಳುತ್ತಾರೆ. ಶಿಬಿರದ ಶೇಖ್, ಮಸೀದಿಯವರು, ಶಾಲೆಯ ಮೇಷ್ಟ್ರು, ಆರೋಗ್ಯ ಕಾರ್ಯಕರ್ತರು, ಸ್ವಯಂಸೇವಕರು. ಕ್ಷೇತ್ರ ಸಿಬ್ಬಂದಿ ಅವರನ್ನು ಕೇಳುವ ಪ್ರಶ್ನೆಗಳೂ ನೇರ. ಈ ವಾರ ಎಷ್ಟು ಕುಟುಂಬ ಬಂದವು? ಎಲ್ಲಿಂದ? ಯಾಕೆ ಬಂದರು? ಶಾಲೆಯಲ್ಲಿ ಮಲಗಿದ್ದಾರಾ, ನೆಂಟರ ಮನೆಯಲ್ಲಾ, ಮರದ ಕೆಳಗಾ? ಮೊದಲು ಏನು ಬೇಕು? ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಹತ್ತಿರ ಕೇಳಿ ತಾಳೆ ನೋಡುತ್ತಾರೆ. ಕ್ಲಿನಿಕ್ಕಿನ ಪುಸ್ತಕ, ನೀರಿನ ಸಾಲು, ಕಣ್ಣಿಗೆ ಕಾಣುವ ಗುಡಿಸಲು, ಇವುಗಳ ಜೊತೆ ಹೋಲಿಸುತ್ತಾರೆ. ಕುಟುಂಬದ ಲೆಕ್ಕ ಸಿಕ್ಕಮೇಲೆ ಸರಾಸರಿ ಐದರಿಂದ ಗುಣಿಸಿದರೆ ಜನಸಂಖ್ಯೆ.

ಇಲ್ಲಿ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಇದು ಬಹಳ ಮುಖ್ಯ. ಎಲ್ ಫಾಶರ್‌ನಿಂದ ಹೊರಟವರು ದಾರಿಯಲ್ಲಿ ಆರ್‌ಎಸ್‌ಎಫ್ ತಪಾಸಣೆ ದಾಟಬೇಕಿತ್ತು, ಫೋನು ಕಿತ್ತುಕೊಂಡರು ಎಂದು ಬಂದವರು ಹೇಳಿದ್ದಾರೆ. ಯಾರು ಯಾವ ಊರಿನವರು, ಯಾವ ಬುಡಕಟ್ಟಿನವರು ಎಂಬ ಪಟ್ಟಿ ಅಂಥ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ದಾರ್ಫುರ್‌ನವರಿಗೆ ಹೇಳಿಕೊಡಬೇಕಾಗಿಲ್ಲ. ನೆರವು ಎಲ್ಲಿ ಬೇಕು ಎಂದು ತೋರಿಸುವ ನಕ್ಷೆಯೇ ಜನ ಎಲ್ಲಿ ಸೇರಿದ್ದಾರೆ ಎಂದು ಬಂದೂಕಿಗೂ ತೋರಿಸುತ್ತದೆ. ಹಾಗಾಗಿ ಎಣಿಸುವವರು ಎಷ್ಟು ಕೇಳಬೇಕು ಎಂಬುದರಷ್ಟೇ ಏನು ಕೇಳಬಾರದು ಎಂಬುದನ್ನೂ ಕಲಿತಿರಬೇಕು.

ಬೇರೆ ದಾರಿಗಳೂ ಇವೆ. ಉಕ್ರೇನಿನಲ್ಲಿ 2022ರ ಮಾರ್ಚ್‌ನಲ್ಲಿ ಇದೇ ಐಒಎಂ ಸುಮ್ನೆ ಯಾವುದೋ ನಂಬರುಗಳಿಗೆ ಫೋನ್ ಮಾಡಿ, 2,000 ಜನರನ್ನು ಮಾತಾಡಿಸಿ, ದೇಶದೊಳಗೆ 64.8 ಲಕ್ಷ ಜನ ಮನೆ ಬಿಟ್ಟಿದ್ದಾರೆ ಎಂದು ಅಂದಾಜು ಕೊಟ್ಟಿತು. ಮೂರು ವಾರದ ಯುದ್ಧಕ್ಕೆ ಅಷ್ಟು ಬೇಗ ಲೆಕ್ಕ ಸಿಕ್ಕಿತು. ಆದರೆ ಅದಕ್ಕೆ ಮೊಬೈಲ್ ಟವರ್ ನಿಂತಿರಬೇಕು. ದಾರ್ಫುರ್‌ನ ಬಹಳಷ್ಟು ಕಡೆ ಯುದ್ಧ ಶುರುವಾದಾಗಿನಿಂದ ನೆಟ್‌ವರ್ಕ್ ಸತ್ತುಹೋಗಿದೆ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಡಿಶ್ ಇಟ್ಟವರ ಹತ್ತಿರ ದುಡ್ಡು ಕೊಟ್ಟು ಕೂತರೆ ಮಾತ್ರ ಸಂಪರ್ಕ. ಅಲ್ಲಿ ಕಾಲ್ನಡಿಗೆಯ ಮಾಹಿತಿಯೇ ಗತಿ.

ಏಪ್ರಿಲ್: ಜಮ್‌ಜಮ್

ಅಕ್ಟೋಬರ್ ಅರ್ಥವಾಗಬೇಕಾದರೆ ಆರು ತಿಂಗಳು ಹಿಂದೆ ಹೋಗಬೇಕು. ಎಲ್ ಫಾಶರ್‌ನಿಂದ 15 ಕಿಲೋಮೀಟರ್ ದಕ್ಷಿಣಕ್ಕೆ ಜಮ್‌ಜಮ್ ಶಿಬಿರ. ಹಳೆಯ ದಾರ್ಫುರ್ ಯುದ್ಧದಲ್ಲಿ ಓಡಿಬಂದವರು ಕಟ್ಟಿಕೊಂಡ, ಇಪ್ಪತ್ತು ವರ್ಷದಲ್ಲಿ ಊರಿನ ಹಾಗೇ ಬೆಳೆದ ಜಾಗ. 2024ರ ಆಗಸ್ಟ್‌ನಲ್ಲಿ ಅಲ್ಲಿ ಬರಗಾಲದ ಹಸಿವು ಇದೆ ಎಂದು ಅಧಿಕೃತವಾಗಿ ಘೋಷಣೆಯಾಗಿತ್ತು. 2025ರ ಏಪ್ರಿಲ್ 11ರಿಂದ ಆರ್‌ಎಸ್‌ಎಫ್ ಶಿಬಿರದ ಮೇಲೆ ದಾಳಿ ಮಾಡಿತು. ಡಿಟಿಎಂ ಎರಡೇ ದಿನದಲ್ಲಿ ತುರ್ತು ಸೂಚನೆ ಹೊರಡಿಸಿತು: 60 ಸಾವಿರದಿಂದ 80 ಸಾವಿರ ಕುಟುಂಬಗಳು ಶಿಬಿರ ಬಿಟ್ಟಿವೆ. ಅಂದರೆ 3ರಿಂದ 4 ಲಕ್ಷ ಜನ.

ಇದನ್ನು ನಾನು ಒಳ್ಳೆಯ ಕೆಲಸ ಎಂದೇ ಹೇಳುತ್ತೇನೆ. ಕೆಲವರಿಗೆ ಇಷ್ಟು ಅಗಲವಾದ ಅಂದಾಜು ನೋಡಿದರೆ ಸಿಟ್ಟು ಬರುತ್ತದೆ, ಒಂದು ಲಕ್ಷದ ವ್ಯತ್ಯಾಸ ಇಟ್ಟುಕೊಂಡು ಇದೆಂಥ ಲೆಕ್ಕ ಅಂತ. ಆದರೆ ಆ ದಿನ ಸರಿಯಾದ ಒಂದೇ ಸಂಖ್ಯೆ ಯಾರ ಹತ್ತಿರವೂ ಇರಲು ಸಾಧ್ಯವಿರಲಿಲ್ಲ. ಇದ್ದ ಹಾಗೆ ನಟಿಸಿದ್ದರೆ ಅದು ಸುಳ್ಳಾಗುತ್ತಿತ್ತು, ಒಂದು ತಿಂಗಳು ಕಾದು ಕೊಟ್ಟಿದ್ದರೆ ಅಷ್ಟರಲ್ಲಿ ಮಕ್ಕಳು ಸತ್ತಿರುತ್ತಿದ್ದರು. ಕನಿಷ್ಠ, ಗರಿಷ್ಠ ಎರಡನ್ನೂ ಕೊಟ್ಟರೆ ನೆರವಿನವರು ಕನಿಷ್ಠಕ್ಕೆ ಇವತ್ತೇ ಸಾಮಾನು ಕಳಿಸಬಹುದು, ಗರಿಷ್ಠಕ್ಕೆ ತಯಾರಿ ಮಾಡಿಕೊಳ್ಳಬಹುದು.

ನೀರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ನೆರವಿನ ಕೆಲಸದಲ್ಲಿ ಒಬ್ಬರಿಗೆ ದಿನಕ್ಕೆ 15 ಲೀಟರ್ ಕನಿಷ್ಠ ಎಂದು ಇಟ್ಟುಕೊಳ್ಳುತ್ತಾರೆ. ತೀರಾ ತುರ್ತಿದ್ದರೆ 7.5 ಲೀಟರ್. 3 ಲಕ್ಷ ಜನಕ್ಕೆ 15ರಂತೆ ದಿನಕ್ಕೆ 45 ಲಕ್ಷ ಲೀಟರ್, 4 ಲಕ್ಷಕ್ಕೆ 60 ಲಕ್ಷ. ನಡುವಿನ 15 ಲಕ್ಷ ಲೀಟರ್ ಅಂದರೆ 10 ಸಾವಿರ ಲೀಟರಿನ ಟ್ಯಾಂಕರ್ 150 ಸಲ ಓಡಬೇಕು, ಅದೂ ಪ್ರತಿದಿನ. ಕಾಗದದ ಮೇಲೆ ಸಣ್ಣದಾಗಿ ಕಾಣುವ ಅಡ್ಡಗೆರೆಯ ಆಚೆ ಈಚೆ ಇಷ್ಟು ನೀರಿದೆ.

ಐದರ ಗುಣಾಕಾರವನ್ನೂ ಹುಷಾರಾಗಿ ನೋಡಬೇಕು. ಓಡಿಬಂದ ಕುಟುಂಬ ಮನೆಯಲ್ಲಿದ್ದಾಗಿನ ಕುಟುಂಬವಲ್ಲ. ಗಂಡ ದಾರಿಯಲ್ಲಿ ತಪ್ಪಿಹೋಗಿರುತ್ತಾನೆ, ಅಕ್ಕ ತೀರಿಕೊಂಡು ಅವಳ ಮಕ್ಕಳು ಚಿಕ್ಕಮ್ಮನ ಜೊತೆ ಬಂದಿರುತ್ತಾರೆ, ಪಕ್ಕದ ಮನೆಯ ಅಜ್ಜಿಯೂ ಇದೇ ಕತ್ತೆಗಾಡಿಯಲ್ಲಿರುತ್ತಾಳೆ. 80 ಸಾವಿರ ಕುಟುಂಬಕ್ಕೆ ಐದರ ಬದಲು ಆರು ಅಂತ ಇಟ್ಟರೆ 4 ಲಕ್ಷ ಹೋಗಿ 4.8 ಲಕ್ಷ ಆಗುತ್ತದೆ. ಬಂದವರು ಸ್ವಲ್ಪ ನೆಲೆನಿಂತ ಮೇಲೆ ಕೆಲವು ಕಡೆಯಾದರೂ ನಿಜವಾಗಿ ತಲೆ ಎಣಿಸಿ ಈ ಸರಾಸರಿಯನ್ನು ತಿದ್ದಬೇಕು.

ಜಮ್‌ಜಮ್‌ನಿಂದ ಹೊರಟವರು ಎರಡು ಕಡೆ ಒಡೆದುಹೋದರು. ಒಂದಷ್ಟು ಜನ ಎಲ್ ಫಾಶರ್ ಪಟ್ಟಣದೊಳಕ್ಕೇ ಹೋದರು, ಮುತ್ತಿಗೆಯ ಒಳಗೆ. ಬಹಳ ಜನ ಪಶ್ಚಿಮಕ್ಕೆ ತವೀಲಾ ಕಡೆ ನಡೆದರು. ತವೀಲಾ ಆಗ ಅಬ್ದುಲ್ ವಾಹಿದ್ ಅಲ್ ನೂರ್ ಅವರ ಬಂಡುಕೋರ ಬಣದ ಹಿಡಿತದಲ್ಲಿತ್ತು, ಸೇನೆಯ ಕಡೆಗೂ ಇಲ್ಲ, ಆರ್‌ಎಸ್‌ಎಫ್ ಕಡೆಗೂ ಇಲ್ಲ. ಹಾಗಾಗಿ ಸ್ವಲ್ಪ ಸುರಕ್ಷಿತ. ಸಣ್ಣ ಊರು. ಅಲ್ಲಿಗೆ ಲಕ್ಷಗಟ್ಟಲೆ ಜನ ಬಂದು ಬಯಲಲ್ಲಿ ಹುಲ್ಲು, ಬಟ್ಟೆ ಕಟ್ಟಿಕೊಂಡು ಕೂತರು. ಬೇಸಿಗೆ ಕಳೆದು ಮಳೆ ಬಂತು, ಕಾಲರಾ ಬಂತು. ಆಗಸ್ಟ್‌ನಲ್ಲಿ 'ಗಡಿಯಿಲ್ಲದ ವೈದ್ಯರು' ಎಂಬ ನೆರವು ಸಂಸ್ಥೆ ಎಂಎಸ್‌ಎಫ್‌ನ ವೈದ್ಯರು ಹೇಳಿದ್ದು: ಇಲ್ಲಿ ಒಬ್ಬರಿಗೆ ದಿನಕ್ಕೆ ಸರಾಸರಿ 3 ಲೀಟರ್ ನೀರು ಸಿಗುತ್ತಿದೆ.

15 ಎಲ್ಲಿ, 3 ಎಲ್ಲಿ. ಲೆಕ್ಕ ಇರಲಿಲ್ಲ ಅಂತ ಇಲ್ಲಿ ಯಾರೂ ಹೇಳುವ ಹಾಗಿಲ್ಲ. ಏಪ್ರಿಲ್‌ನಿಂದಲೇ ಲೆಕ್ಕ ಇತ್ತು. ಇಲ್ಲದೇ ಇದ್ದದ್ದು ದುಡ್ಡು ಮತ್ತು ದಾರಿ. 2025ರಲ್ಲಿ ಸುಡಾನಿನ ನೆರವಿಗೆ ವಿಶ್ವಸಂಸ್ಥೆ ಕೇಳಿದ್ದು ಸುಮಾರು 420 ಕೋಟಿ ಡಾಲರ್. ಅದೇ ವರ್ಷದ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಕಡಿದುಹಾಕಿತು. ಅಲ್ಲಲ್ಲಿ ಊರಿನ ಯುವಕರೇ ನಡೆಸುವ ತುರ್ತು ಸೇವಾ ಕೋಣೆಗಳು, ಅವರ ಸಾಮೂಹಿಕ ಅಡುಗೆಮನೆಗಳು ಇಲ್ಲದೇ ಹೋಗಿದ್ದರೆ ಇನ್ನೂ ಎಷ್ಟು ಜನ ಹೋಗಿರುತ್ತಿದ್ದರೋ.

ಅಕ್ಟೋಬರ್: ಬಾರದವರು

ಅಕ್ಟೋಬರ್ 26ರಂದು ಎಲ್ ಫಾಶರ್‌ನಲ್ಲಿದ್ದ ಸೇನೆಯ ಮುಖ್ಯ ನೆಲೆ ಆರ್‌ಎಸ್‌ಎಫ್ ಕೈಗೆ ಹೋಯಿತು. ಮೊದಲ ಎರಡು ದಿನದಲ್ಲಿ 26 ಸಾವಿರ ಜನ ಊರು ಬಿಟ್ಟರು ಎಂದು ಡಿಟಿಎಂ ಹೇಳಿತು. ಅಕ್ಟೋಬರ್ 29ರ ಹೊತ್ತಿಗೆ 62 ಸಾವಿರ. ನವೆಂಬರ್ 4ರ ಹೊತ್ತಿಗೆ ಸುಮಾರು 82 ಸಾವಿರ. ನವೆಂಬರ್ ಮುಗಿಯುವಾಗ ಒಂದು ಲಕ್ಷ ದಾಟಿತ್ತು.

ತವೀಲಾದಲ್ಲಿ ನೆರವಿನವರು ಏಪ್ರಿಲ್ ನೆನಪಿಟ್ಟುಕೊಂಡು ದೊಡ್ಡ ಪ್ರವಾಹಕ್ಕೆ ತಯಾರಾಗಿದ್ದರು. ಊರ ಬಾಗಿಲಲ್ಲೇ ವೈದ್ಯರು ಕೂತಿದ್ದರು. ಬಂದವರು ಬೆರಳೆಣಿಕೆ ಅನ್ನುವಷ್ಟು ಕಡಿಮೆ. ಎಂಎಸ್‌ಎಫ್ ಬಹಿರಂಗವಾಗಿಯೇ ಕೇಳಿತು, ಉಳಿದವರೆಲ್ಲ ಎಲ್ಲಿ ಅಂತ.

ಈಗ ಮೊದಲಿನ ಮೂರು ಸಂಖ್ಯೆಗೆ ಬರೋಣ. 2.6 ಲಕ್ಷ ಅನ್ನುವುದು ಪಟ್ಟಣದೊಳಗೆ ಇದ್ದವರ ಅಂದಾಜು, ಮುತ್ತಿಗೆಯ ಒಳಗಿನ ಲೆಕ್ಕವಾದ್ದರಿಂದ ಮೊದಲೇ ಸಡಿಲ. 62 ಸಾವಿರ ಅನ್ನುವುದು ಹೊರಟವರ ಅಂದಾಜು, ಹೊರಟು ಎಲ್ಲಿಗೆ ಮುಟ್ಟಿದರು ಎಂಬುದಲ್ಲ. ಅವರಲ್ಲಿ ಬಹಳ ಜನ ಎಲ್ ಫಾಶರ್ ಸುತ್ತಲಿನ ಹಳ್ಳಿಗಳಲ್ಲೇ, ದಾರಿಯಲ್ಲೇ ಇದ್ದರು. 5 ಸಾವಿರ ಅನ್ನುವುದು ಒಂದೇ ಊರಿಗೆ ಮುಟ್ಟಿದವರದ್ದು, ಕಣ್ಣಾರೆ ಕಂಡದ್ದು, ಹಾಗಾಗಿ ಮೂರರಲ್ಲಿ ಗಟ್ಟಿಯಾದದ್ದು. ಹೊರಟವರಿಗೂ ಮುಟ್ಟಿದವರಿಗೂ ನಡುವೆ 50 ಸಾವಿರಕ್ಕೂ ಹೆಚ್ಚು ಜನ. ಇದ್ದವರಿಗೂ ಹೊರಟವರಿಗೂ ನಡುವೆ ಎರಡು ಲಕ್ಷದ ಹತ್ತಿರ.

ಯೇಲ್‌ನವರು ಉಪಗ್ರಹ ಚಿತ್ರಗಳಲ್ಲಿ ಪಟ್ಟಣದ ಬೀದಿಗಳಲ್ಲಿ ಹೆಣಗಳಿರಬಹುದಾದ ಗುರುತು, ನೆಲದ ಮೇಲೆ ಕೆಂಪು ಕಲೆ ನೋಡಿದರು. ಜನ ದೊಡ್ಡ ಗುಂಪಾಗಿ ಹೊರಡುತ್ತಿರುವ ಗುರುತು ಸಿಗಲಿಲ್ಲ. ಹೆಚ್ಚಿನವರು ಸತ್ತಿದ್ದಾರೆ, ಸೆರೆ ಸಿಕ್ಕಿದ್ದಾರೆ, ಇಲ್ಲವೇ ಅಡಗಿದ್ದಾರೆ ಎಂಬುದು ಅವರ ತೀರ್ಮಾನ. ಎರಡು ಬೇರೆ ಬೇರೆ ವಿಧಾನ, ಒಂದು ನೆಲದಿಂದ, ಒಂದು ಆಕಾಶದಿಂದ. ಎರಡೂ ಒಂದೇ ಕಡೆ ಬೆರಳು ತೋರಿಸಿದವು.

ಬಂದವರ ದೇಹವೇ ಇನ್ನೊಂದು ದಾಖಲೆ. ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಬಣ್ಣದ ಒಂದು ಪಟ್ಟಿ ಸುತ್ತುತ್ತಾರೆ. ತುದಿಯನ್ನು ಸೀಳಿನೊಳಗೆ ತೂರಿಸಿ ಮೆಲ್ಲಗೆ ಎಳೆದರೆ ಕಿಂಡಿಯಲ್ಲಿ ಬಣ್ಣ ಕಾಣುತ್ತದೆ. ಹಸಿರು ಬಂದರೆ ಪರವಾಗಿಲ್ಲ. 12.5 ಸೆಂಟಿಮೀಟರ್‌ಗಿಂತ ಕಡಿಮೆ ಆದರೆ ಹಳದಿ, 11.5ಕ್ಕಿಂತ ಕಡಿಮೆ ಆದರೆ ಕೆಂಪು, ಕೂಡಲೇ ಚಿಕಿತ್ಸೆ ಬೇಕು. ಒಂದು ನಿಮಿಷವೂ ಬೇಡ. ಅಕ್ಟೋಬರ್ 27ರಂದು ತವೀಲಾಗೆ ಬಂದ ಆ ವಯಸ್ಸಿನ 70 ಮಕ್ಕಳಿಗೆ ಈ ಪರೀಕ್ಷೆ ಮಾಡಿದರು. ಎಪ್ಪತ್ತರಲ್ಲಿ ಎಪ್ಪತ್ತೂ ಅಪೌಷ್ಟಿಕ. ಶೇಕಡಾ 57 ಮಕ್ಕಳು ಕೆಂಪು. ಬಂದವರೇ ಹೀಗಿದ್ದರೆ, 60 ಕಿಲೋಮೀಟರ್ ನಡೆಯಲಾಗದೆ ಹಿಂದೆ ಉಳಿದವರು ಹೇಗಿರಬೇಕು? ನವೆಂಬರ್ ಮೊದಲ ವಾರ ಎಲ್ ಫಾಶರ್‌ನಲ್ಲೂ ಬರಗಾಲದ ಹಸಿವು ದೃಢವಾಗಿದೆ ಎಂಬ ಘೋಷಣೆ ಬಂತು.

ಬಂದವರ ವಯಸ್ಸು ಮತ್ತು ಗಂಡು ಹೆಣ್ಣಿನ ಕೋಷ್ಟಕವನ್ನೂ ಹೀಗೇ ಓದಬೇಕು. ಸಾಮಾನ್ಯವಾಗಿ ಆ ಕೋಷ್ಟಕವನ್ನು ಎಷ್ಟು ಮಕ್ಕಳ ಆಹಾರ ಬೇಕು, ಎಷ್ಟು ಗರ್ಭಿಣಿಯರಿದ್ದಾರೆ ಅಂತ ತಿಳಿಯಲು ಬಳಸುತ್ತಾರೆ, ಅದು ಸರಿಯೇ. ಆದರೆ ತವೀಲಾಗೆ ಬಂದವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ದಾರಿಯಲ್ಲಿ ಗಂಡಸರನ್ನು ಬೇರೆ ಮಾಡಿ ನಿಲ್ಲಿಸಿಕೊಂಡರು, ಬಿಡಲು ದುಡ್ಡು ಕೇಳಿದರು, ಕೆಲವರನ್ನು ಕೊಂದರು ಎಂದು ಬದುಕಿ ಬಂದವರು ಹೇಳಿದರು. ಕೋಷ್ಟಕದಲ್ಲಿ 18ರಿಂದ 40ರ ಗಂಡಸರ ಸಾಲು ಸೊರಗಿದ್ದರೆ ಅದೇ ದೊಡ್ಡ ಸುದ್ದಿ. ಅದನ್ನು ಅಡಿಟಿಪ್ಪಣಿಗೆ ಹಾಕಬಾರದು.

ಎಲ್ಲಿ ಎಡವಿದೆವು

ನನ್ನ ಪ್ರಕಾರ ಎಣಿಕೆ ಮಾಡಿದವರು ಎಡವಿದ್ದು ಕಡಿಮೆ. ಸೂಚನೆಗಳು ಬೇಗ ಬಂದವು, ಅಂದಾಜು ಎಂದು ಸ್ಪಷ್ಟವಾಗಿ ಬರೆದಿದ್ದರು. ಎಡವಟ್ಟಾದದ್ದು ಓದಿದ ಕಡೆ. "ಎಲ್ ಫಾಶರ್‌ನಿಂದ 62 ಸಾವಿರ ಜನ ಪಲಾಯನ" ಅನ್ನುವ ತಲೆಬರಹ ಓದಿದವರಿಗೆ 62 ಸಾವಿರ ಜನ ಪಾರಾದರು ಅಂತ ಕೇಳಿಸುತ್ತದೆ, ಅಲ್ವಾ? ಹೊರಟದ್ದಷ್ಟೇ ಆ ಸಂಖ್ಯೆಗೆ ಗೊತ್ತು. ಪ್ರತಿ ಸೂಚನೆಯ ಮೇಲ್ಭಾಗದಲ್ಲೇ ಇದ್ದವರು ಇಷ್ಟು, ಹೊರಟವರು ಇಷ್ಟು, ಮುಟ್ಟಿದವರು ಇಷ್ಟು ಎಂದು ಮೂರು ಸಾಲು ಹಾಕಿದ್ದರೆ ಅಂತರ ಮೊದಲ ದಿನವೇ ಎದ್ದು ಕಾಣುತ್ತಿತ್ತು. ಮುಟ್ಟಿದವರ ಕಡೆ ನೆರವು ಕಳಿಸುವವರು ಒಬ್ಬರು, ಮುಟ್ಟದವರಿಗೆ ದಾರಿ ಬಿಡಿಸಲು ಒತ್ತಡ ಹಾಕಬೇಕಾದವರು ಇನ್ನೊಬ್ಬರು. ಇಬ್ಬರಿಗೂ ಅದೇ ಕಾಗದ ಬೇಕು.

ಇನ್ನೊಂದು ಗೊಂದಲ ಎರಡೆರಡು ಸಲ ಎಣಿಕೆ. ಒಬ್ಬ ತಾಯಿ 2004ರಲ್ಲಿ ಹಳ್ಳಿ ಬಿಟ್ಟು ಜಮ್‌ಜಮ್‌ಗೆ ಬಂದಿರಬಹುದು, 2025ರ ಏಪ್ರಿಲ್‌ನಲ್ಲಿ ಜಮ್‌ಜಮ್ ಬಿಟ್ಟು ಎಲ್ ಫಾಶರ್‌ಗೆ, ಅಕ್ಟೋಬರ್‌ನಲ್ಲಿ ಅಲ್ಲಿಂದ ತವೀಲಾಗೆ. ಓಡಿದ್ದು ಮೂರು ಸಲ, ಜೀವ ಒಂದೇ. ಎಲ್ಲ ಸೂಚನೆಗಳ ಸಂಖ್ಯೆ ಕೂಡಿಸಿದರೆ ಆಕೆ ಮೂರು ಜನ ಆಗುತ್ತಾಳೆ. ಹಾಗಾಗಿ ಓಟದ ಲೆಕ್ಕವನ್ನು ಕೂಡಿಸಬಾರದು, ಈ ಹೊತ್ತು ಯಾವ ಜಾಗದಲ್ಲಿ ಎಷ್ಟು ಜನ ಇದ್ದಾರೆ ಎಂಬ ಲೆಕ್ಕವನ್ನು ಬೇರೆಯಾಗಿ ಇಡಬೇಕು. ನವೆಂಬರ್‌ನಲ್ಲಿ ತವೀಲಾದಲ್ಲಿ ನೆಲೆಸಿರುವವರು 6.5 ಲಕ್ಷ ದಾಟಿದ್ದಾರೆ ಎಂದು ವಿಶ್ವಸಂಸ್ಥೆ ಹೇಳಿದ್ದು ಈ ಎರಡನೇ ಬಗೆಯ ಲೆಕ್ಕ.

ಅಂದಾಜನ್ನು ಪಡಿತರ ಪಟ್ಟಿಯಂತೆ ಬಳಸುವುದೂ ತಪ್ಪು. ಅಂದಾಜು ಎಷ್ಟು ಲಾರಿ ಕಳಿಸಬೇಕು ಎಂದು ಹೇಳುತ್ತದೆ, ಯಾರ ಕೈಗೆ ಕೊಡಬೇಕು ಎಂದು ಹೇಳುವುದಿಲ್ಲ. ಗಡಿ ದಾಟಿ ಚಾಡ್ ದೇಶದ ಅದ್ರೆಗೆ ಹೋದವರನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಹೆಸರು ಬರೆದು ಒಬ್ಬೊಬ್ಬರನ್ನಾಗಿ ನೋಂದಾಯಿಸುತ್ತದೆ. ಅವರು ನಿರಾಶ್ರಿತರು, ಅವರಿಗೆ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ಇದೆ. ಗಡಿ ದಾಟದೆ ತವೀಲಾದಲ್ಲಿ ನಿಂತವರಿಗೆ ಜಗತ್ತಿಗೆಲ್ಲ ಅನ್ವಯಿಸುವ ಅಂಥ ಒಪ್ಪಂದವಿಲ್ಲ, 1998ರಲ್ಲಿ ವಿಶ್ವಸಂಸ್ಥೆ ಮುಂದಿಟ್ಟ ಮಾರ್ಗದರ್ಶಿ ತತ್ವಗಳಿವೆ ಅಷ್ಟೆ. ಅವುಗಳ ಹಿಂದೆ ನಿಂತು ದುಡಿದ ಫ್ರಾನ್ಸಿಸ್ ದೆಂಗ್ ಸುಡಾನಿನ ಅಬ್ಯೇಯಿಯಲ್ಲಿ ಹುಟ್ಟಿದವರು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೆಸರು ಬರೆಯಬಾರದು ಎಂದೆ. ಒಂದು ಕಡೆ ಮಾತ್ರ ಬರೆಯಲೇಬೇಕು. ಎಲ್ ಫಾಶರ್‌ನಿಂದ ನೂರಾರು ಮಕ್ಕಳು ಅಪ್ಪ ಅಮ್ಮ ಇಲ್ಲದೆ ತವೀಲಾಗೆ ಬಂದರು. ದಾರಿಯಲ್ಲಿ ಸಿಕ್ಕ ಯಾರೋ ಕೈ ಹಿಡಿದು ಕರೆತಂದವರು. ಇಂಥ ಮಗುವಿಗೆ ಬೇರೆಯೇ ಒಂದು ಫಾರಂ ಇರುತ್ತದೆ, ಬೀಗ ಹಾಕಿ ಇಡುವಂಥದ್ದು. ಮನೆಯಲ್ಲಿ ನಿನ್ನನ್ನು ಏನಂತ ಕರೆಯುತ್ತಿದ್ದರು? ಅಮ್ಮನ ಹೆಸರೇನು? ಅಮ್ಮನನ್ನು ಕೊನೆಗೆ ನೋಡಿದ್ದು ಎಲ್ಲಿ, ಪಕ್ಕದಲ್ಲಿ ಯಾರಿದ್ದರು? ಸಣ್ಣ ಮಗುವಿಗೆ ಊರ ಹೆಸರು ಗೊತ್ತಿರುವುದಿಲ್ಲ, ಮನೆ ಮುಂದಿನ ಮರ ಗೊತ್ತಿರುತ್ತದೆ, ಬಾವಿ ಗೊತ್ತಿರುತ್ತದೆ, ಅದನ್ನೇ ಬರೆದುಕೊಳ್ಳುತ್ತಾರೆ. ಆಮೇಲೆ ಮಕ್ಕಳನ್ನು ಹುಡುಕುತ್ತಾ ಬಂದ ದೊಡ್ಡವರ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ತಾಳೆ ನೋಡುತ್ತಾರೆ.